ಶಟಲ್ ಕೋರ್ಟಿನ ಮಂಕು ಬೆಳಕಿಗೆ ಯಾವ ಲೆನ್ಸ್? 50, 85, 70-200

ಅಕ್ಕನ ಮಗಳು ಶಟಲ್ ಆಡುತ್ತಾಳೆ. ಕಳೆದ ವರ್ಷ ಹಾಸನದಲ್ಲೇ ಒಂದು ಒಳಾಂಗಣ ಕೋರ್ಟಿನಲ್ಲಿ ಅವಳ ಮ್ಯಾಚ್ ಇತ್ತು. ಕ್ಯಾಮೆರಾ ಹೊತ್ತುಕೊಂಡು ಹೋಗಿ ಮುನ್ನೂರು ಫೋಟೋ ಹೊಡೆದೆ. ಮನೆಗೆ ಬಂದು ತೋರಿಸಿದರೆ ಒಂದೊಂದಾಗಿ ನೋಡಿ, "ಮಾಮ, ಇದ್ರಲ್ಲಿ ನನ್ ಕೈನೇ ಇಲ್ವಲ್ಲ" ಅಂದಳು. ನಿಜ. ಮುಖ ಇತ್ತು, ಜಡೆ ಇತ್ತು, ಹಣೆಯ ಬೆವರು ಕೂಡ ಕಾಣುತ್ತಿತ್ತು. ಮೊಣಕೈಯಿಂದ ಮುಂದೆ ಬರೀ ಹೊಗೆ. ರ್ಯಾಕೆಟ್ ಇರಬೇಕಾದ ಜಾಗದಲ್ಲಿ ಫ್ಯಾನ್ ತಿರುಗಿದ ಹಾಗೆ ಒಂದು ಬಿಳಿ ಕಲೆ.

ಅವತ್ತು ನನ್ನ ಹತ್ತಿರ ಇದ್ದದ್ದು ಕ್ಯಾಮೆರಾ ಜೊತೆಗೇ ಬಂದಿದ್ದ ಉದ್ದದ ಜೂಮ್ ಲೆನ್ಸ್. ಜೂಮ್ ಪೂರ್ತಿ ಎಳೆದರೆ ಅದು ಎಫ್ 5.6ಕ್ಕಿಂತ ಜಾಸ್ತಿ ತೆರೆಯುವುದಿಲ್ಲ. ಹೊರಗೆ ಬಯಲಿನಲ್ಲಿ, ಬಿಸಿಲಿನಲ್ಲಿ ಕ್ರಿಕೆಟ್ ಹೊಡೆಯಲು ಅದು ಚೆನ್ನಾಗೇ ಇದೆ. ಶೀಟಿನ ಛಾವಣಿಯ ಕೆಳಗೆ, ಮಳೆ ಬೀಳುತ್ತಿರುವ ಜುಲೈ ಮಧ್ಯಾಹ್ನ, ಎಂಟು ಎಲ್‌ಇಡಿ ದೀಪದ ಬೆಳಕಿನಲ್ಲಿ ಅದರ ಆಟ ನಡೆಯಲಿಲ್ಲ.

ಅಲ್ಲಿಂದ ಒಂದು ವರ್ಷ ಬೇರೆ ಬೇರೆ ಲೆನ್ಸ್ ಹಾಕಿ ನೋಡಿದೆ. ಕೆಲವು ಕೊಂಡೆ, ಕೆಲವು ಕೇಳಿ ತಂದೆ, ಒಂದರಲ್ಲಿ ದುಡ್ಡು ಕಳೆದುಕೊಂಡೆ. ನಮ್ಮ ಹಾಸನ, ಚಿಕ್ಕಮಗಳೂರು ಕಡೆಯ ಸಣ್ಣ ಕೋರ್ಟುಗಳಲ್ಲಿ ಮಕ್ಕಳ ಆಟದ ಫೋಟೋ ತೆಗೆಯಬೇಕು ಅನ್ನುವವರಿಗೆ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: 85 ಎಂಎಂ ಎಫ್ 1.8 ಕೊಳ್ಳಿ, 70-200 ಎಫ್ 2.8 ಬೇಕಾದಾಗ ಬಾಡಿಗೆಗೆ ತನ್ನಿ. ಎಂಎಂ ಸಂಖ್ಯೆ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ. ಯಾಕೆ ಈ ಆಯ್ಕೆ ಅಂತ ಮುಂದೆ ಹೇಳುತ್ತೇನೆ. ಎಲ್ಲರಿಗೂ ಇದೇ ಉತ್ತರ ಅಲ್ಲ ಅನ್ನುವುದನ್ನೂ ಹೇಳುತ್ತೇನೆ.

ಮೊದಲು ಬೆಳಕಿನ ಲೆಕ್ಕ

ಲೆನ್ಸ್ ಮೇಲಿನ ಎಫ್ ನಂಬರು ಚಿಕ್ಕದಾದಷ್ಟೂ ಅದರ ಕಣ್ಣು ದೊಡ್ಡದು, ಒಳಗೆ ಬರುವ ಬೆಳಕು ಜಾಸ್ತಿ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಎಷ್ಟು ಜಾಸ್ತಿ ಅನ್ನುವುದು ಲೆಕ್ಕ ಹಾಕಿದಾಗಲೇ ತಲೆಗೆ ಹೋಗುವುದು. ಆ ಕೋರ್ಟಿನಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200 ಇಟ್ಟರೆ ಎಫ್ 5.6ಕ್ಕೆ ನನಗೆ ಸಿಕ್ಕಿದ ಶಟರ್ ವೇಗ, ಅಂದರೆ ಶಟರ್ ತೆರೆದಿರುವ ಹೊತ್ತು, 1/100 ಸೆಕೆಂಡ್. ಅದೇ ಬೆಳಕು, ಅದೇ ಐಎಸ್‌ಒ. ಎಫ್ 4 ಲೆನ್ಸ್ ಆದರೆ 1/200. ಎಫ್ 2.8 ಆದರೆ 1/400. ಎಫ್ 1.8 ಆದರೆ ಹತ್ತಿರ ಹತ್ತಿರ 1/1000.

ಈಗ ಕೈ ಯಾಕೆ ಮಾಯವಾಯಿತು ನೋಡಿ. ಹೊಡೆಯುವಾಗ ಕೈ ಸೆಕೆಂಡಿಗೆ ಹತ್ತು ಮೀಟರ್ ವೇಗದಲ್ಲಿ ಬೀಸುತ್ತದೆ ಅಂತ ಇಟ್ಟುಕೊಳ್ಳೋಣ. 1/100 ಸೆಕೆಂಡಿನಲ್ಲಿ ಅದು ಹತ್ತು ಸೆಂಟಿಮೀಟರ್ ಸರಿದಿರುತ್ತದೆ. 1/1000ದಲ್ಲಿ ಬರೀ ಒಂದು ಸೆಂಟಿಮೀಟರ್. ರ್ಯಾಕೆಟ್ಟಿನ ತಲೆ ಇನ್ನೂ ಜೋರು. ಕಾಕ್ ವಿಷಯ ಬಿಡಿ, ಅದು ಮಸುಕಾಗಿಯೇ ಬರುತ್ತದೆ. ನಮ್ಮ ಸಾತ್ವಿಕ್ ಸಾಯಿರಾಜ್ ರಂಕಿರೆಡ್ಡಿ 2023ರಲ್ಲಿ ಗಿನ್ನೆಸ್ ದಾಖಲೆ ಮಾಡಿದ ಸ್ಮ್ಯಾಶಿನ ವೇಗ ಗಂಟೆಗೆ 565 ಕಿಲೋಮೀಟರ್. ಆ ವೇಗದಲ್ಲಿ 1/1000 ಸೆಕೆಂಡಿಗೆ ಕಾಕ್ ಹದಿನೈದು ಸೆಂಟಿಮೀಟರ್ ದಾಟಿರುತ್ತದೆ. ಮಕ್ಕಳ ಮ್ಯಾಚಿನಲ್ಲಿ ಅಷ್ಟು ವೇಗ ಇಲ್ಲ, ಆದರೂ ಕಾಕ್ ಗೆರೆ ಎಳೆದ ಹಾಗೆ ಬಂದರೆ ಬೇಜಾರು ಬೇಡ. ಮುಖ, ಕೈ, ಕಾಲು ನಿಂತರೆ ಸಾಕು. ಅದಕ್ಕೆ ಕನಿಷ್ಠ 1/500 ಬೇಕು, 1/800 ಮೇಲೆ ಇದ್ದರೆ ನೆಮ್ಮದಿ.

ಫ್ಲ್ಯಾಶ್ ಹಾಕಿದರೆ ಆಗಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಹಾಕಬೇಡಿ. ಸರ್ವಿಸ್ ನೋಡುತ್ತಿರುವ ಹುಡುಗಿಯ ಕಣ್ಣಿಗೆ ಹೊಡೆಯುತ್ತದೆ. ಅಂಪೈರ್ ಮೊದಲ ಸಲ ಬೈಯ್ಯುತ್ತಾರೆ, ಎರಡನೇ ಸಲ ಹೊರಗೆ ಕಳಿಸುತ್ತಾರೆ. ಕಳಿಸಬೇಕಾದ್ದೇ.

ಐಎಸ್‌ಒ ಏರಿಸಿಕೊಳ್ಳಬಹುದಲ್ವಾ ಅನ್ನುವುದು ಎರಡನೇ ಪ್ರಶ್ನೆ. ಏರಿಸಿ, ಧೈರ್ಯವಾಗಿ 6400 ತನಕ ಹೋಗಿ. ಕಾಳು ಕಾಳಾಗಿ ಬಂದ ಫೋಟೋವನ್ನು ಇವತ್ತಿನ ಸಾಫ್ಟ್‌ವೇರ್ ಎಷ್ಟೋ ಸರಿ ಮಾಡುತ್ತದೆ. ಮಾಯವಾದ ಕೈಯನ್ನು ವಾಪಸ್ ತರುವುದಿಲ್ಲ. ಆದರೆ ಎಫ್ 5.6 ಲೆನ್ಸಿನಲ್ಲಿ 1/800 ಮುಟ್ಟಬೇಕು ಅಂದರೆ ಐಎಸ್‌ಒ 25600ಕ್ಕೆ ಹೋಗಬೇಕು. ಹಳೆಯ ಕ್ರಾಪ್ ಸೆನ್ಸರ್ (ಬೆಳಕು ಹಿಡಿಯುವ ಚಿಪ್ ಚಿಕ್ಕದಿರುವ) ಕ್ಯಾಮೆರಾದಲ್ಲಿ ಅದು ರಾಗಿ ಚೆಲ್ಲಿದ ಹಾಗೆ ಕಾಣುತ್ತದೆ.

ಇನ್ನೊಂದು ಮಾತು. ಅಂಗಡಿಯಲ್ಲಿ "ಇದ್ರಲ್ಲಿ ಸ್ಟೆಬಿಲೈಸೇಷನ್ ಇದೆ ಸರ್, ಕತ್ತಲಲ್ಲೂ ಬರುತ್ತೆ" ಅನ್ನುತ್ತಾರೆ. ಬರುತ್ತದೆ, ದೇವಸ್ಥಾನದ ಕಂಬಕ್ಕೆ. ಅದು ನಿಮ್ಮ ಕೈ ನಡುಕವನ್ನು ತಡೆಯುತ್ತದೆ, ಆಡುವವರ ಓಟವನ್ನು ತಡೆಯುವುದಿಲ್ಲ. ಬೇಲೂರಿನ ಗುಡಿಯೊಳಗೆ ಶಿಲ್ಪ ತೆಗೆಯಲು ಅದು ವರ. ಶಟಲ್ ಕೋರ್ಟಿನಲ್ಲಿ ಆ ಸೌಲಭ್ಯಕ್ಕೆ ಜಾಸ್ತಿ ಕೊಟ್ಟ ದುಡ್ಡು ಸುಮ್ನೆ ದಂಡ.

50 ಎಂಎಂ ಎಫ್ 1.8: ಅಗ್ಗ, ಹಗುರ, ಆದರೆ

ಮೊದಲು ಕೊಂಡದ್ದು ಇದನ್ನೇ. ಹೆಚ್ಚಿನ ಕಂಪನಿಗಳಲ್ಲಿ ಎಫ್ 1.8 ಲೆನ್ಸ್‌ಗಳ ಪೈಕಿ ಅತಿ ಕಡಿಮೆ ಬೆಲೆಯವುಗಳಲ್ಲಿ ಇದೂ ಒಂದು. ಕ್ಯಾನನ್ನಿನ ಇಎಫ್ 50 ಎಸ್‌ಟಿಎಂ ತೂಕ 160 ಗ್ರಾಂ. ಜೇಬಿನಲ್ಲಿ ಇಟ್ಟರೆ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ.

ಇದು ಎಲ್ಲಿ ಚೆನ್ನ ಅಂದರೆ, ಜಾಗ ಕಡಿಮೆ ಇರುವಲ್ಲಿ. ನಮ್ಮ ಕಡೆ ಎಷ್ಟೋ ಖಾಸಗಿ ಕೋರ್ಟುಗಳಲ್ಲಿ ಗೆರೆಗೂ ಗೋಡೆಗೂ ನಡುವೆ ಒಂದೂವರೆ ಮೀಟರ್ ಇದ್ದರೆ ಹೆಚ್ಚು. ಬೆನ್ನು ಗೋಡೆಗೆ ಒರಗಿಸಿ, ನೆಟ್ಟಿನ ಕಂಬದ ಪಕ್ಕ ಕೂರಬೇಕು. ಶಟಲ್ ಕೋರ್ಟಿನ ಉದ್ದ 13.4 ಮೀಟರ್, ಅಂದರೆ ನೆಟ್ಟಿನಿಂದ ಹಿಂದಿನ ಗೆರೆಗೆ 6.7 ಮೀಟರ್. ಹಾಗಾಗಿ ಆಡುವವರು ನಿಮ್ಮಿಂದ ಐದಾರು ಮೀಟರಿನಲ್ಲಿ ಇರುತ್ತಾರೆ. ಕ್ರಾಪ್ ಸೆನ್ಸರ್ ಕ್ಯಾಮೆರಾವನ್ನು ಲಂಬವಾಗಿ ನಿಲ್ಲಿಸಿ ಹಿಡಿದರೆ, ಆರು ಮೀಟರಿಗೆ 50 ಎಂಎಂ ಸುಮಾರು 2.7 ಮೀಟರ್ ಎತ್ತರವನ್ನು ಹಿಡಿಯುತ್ತದೆ. ಕೈ ಮೇಲೆತ್ತಿ ಹಾರಿದ ಹುಡುಗಿ ರ್ಯಾಕೆಟ್ ಸಮೇತ ಫ್ರೇಮಿನೊಳಗೆ ಇರುತ್ತಾಳೆ.

ತೊಂದರೆ ಇರುವುದು ಫೋಕಸ್ಸಿನಲ್ಲಿ. ಅಗ್ಗದ 50ಗಳ ಮೋಟಾರು ನಿಧಾನ. ನಿಂತವರ ಮೇಲೆ ಥಟ್ಟನೆ ಕೂರುತ್ತದೆ, ನೆಟ್ಟಿನ ಕಡೆಗೆ ನುಗ್ಗಿ ಬರುವವರನ್ನು ಹಿಂಬಾಲಿಸುವಾಗ ಅರ್ಧ ಹೆಜ್ಜೆ ಹಿಂದೆ ಬೀಳುತ್ತದೆ. ಹತ್ತು ಫೋಟೋದಲ್ಲಿ ನಾಲ್ಕು ಚೂಪಾಗಿ ಬಂದರೆ ನಾನು ಖುಷಿ ಪಡುತ್ತಿದ್ದೆ. ಟೇಬಲ್ ಟೆನಿಸ್‌ಗೆ ಇದು ಒಳ್ಳೆಯದು, ಯಾಕಂದರೆ ಆಡುವವರು ಮೇಜಿನ ಹಿಂದೆಯೇ ಇರುತ್ತಾರೆ, ದೂರ ಅಷ್ಟಾಗಿ ಬದಲಾಗುವುದಿಲ್ಲ. ಚೆಸ್, ಕೇರಂಗೆ ಯಾವ ಲೆನ್ಸಾದರೂ ನಡೆಯುತ್ತದೆ ಬಿಡಿ.

ನಿಕಾನ್ ಇರುವವರು ಒಂದು ವಿಷಯ ನೋಡಿಕೊಳ್ಳಿ. ಹಳೆಯ 50 ಎಫ್ 1.8ಡಿ ತುಂಬಾ ಕಡಿಮೆಗೆ ಸಿಗುತ್ತದೆ. ಆದರೆ ಡಿ3000, ಡಿ5000 ಸಾಲಿನ ಕ್ಯಾಮೆರಾಗಳ ಒಳಗೆ ಫೋಕಸ್ ಮೋಟಾರ್ ಇಲ್ಲ. ಆ ಲೆನ್ಸನ್ನು ಅವಕ್ಕೆ ಹಾಕಿದರೆ ಕೈಯಲ್ಲೇ ತಿರುಗಿಸಬೇಕು. ಎಎಫ್-ಎಸ್ ಅಂತ ಬರೆದಿರುವ 1.8ಜಿ ತಗೊಳ್ಳಿ. ನಿಕಾನ್‌ನ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಝಡ್ ಕ್ಯಾಮೆರಾಗೆ ಹಳೆಯ ಲೆನ್ಸ್ ಕೂರಿಸುವ ಎಫ್‌ಟಿಝಡ್ ಅಡಾಪ್ಟರ್ ಹಾಕುವವರಿಗೂ ಇದೇ ಮಾತು.

85 ಎಂಎಂ ಎಫ್ 1.8: ನನ್ನ ಆಯ್ಕೆ

ಕ್ಯಾನನ್ನಿನ ಇಎಫ್ 85 ಎಫ್ 1.8 ಬಂದದ್ದು 1992ರಲ್ಲಿ. ಕೆಲವು ಓದುಗರಿಗಿಂತ ಅದಕ್ಕೇ ವಯಸ್ಸು ಜಾಸ್ತಿ. 425 ಗ್ರಾಂ ತೂಕ, ಸ್ಟೆಬಿಲೈಸೇಷನ್ ಇಲ್ಲ, ನೋಡಲು ಏನೂ ವಿಶೇಷ ಇಲ್ಲ. ಆದರೆ ಅದರೊಳಗಿನ ರಿಂಗ್ ಯುಎಸ್‌ಎಂ ಮೋಟಾರು ಸದ್ದಿಲ್ಲದೆ ಥಟ್ಟನೆ ತಿರುಗುತ್ತದೆ. ಅದೇ ಕೋರ್ಟಿನಲ್ಲಿ, ಅದೇ ಹುಡುಗಿಯ ಮ್ಯಾಚಿನಲ್ಲಿ, 50ಕ್ಕೆ ನಾಲ್ಕು ಬಂದರೆ ಇದಕ್ಕೆ ಏಳು ಬಂದವು. ಬೆಳಕು ಎರಡಕ್ಕೂ ಒಂದೇ, 1/1000. ವ್ಯತ್ಯಾಸ ಪೂರ್ತಿ ಮೋಟಾರಿನದ್ದು. ಅದಕ್ಕೇ ಹೇಳುವುದು, ಬರೀ ಎಫ್ ನಂಬರು ನೋಡಿ ಲೆನ್ಸ್ ಕೊಳ್ಳಬೇಡಿ.

ನಿಕಾನ್‌ನಲ್ಲಿ 85 ಎಫ್ 1.8ಜಿ, 350 ಗ್ರಾಂ. ಸೋನಿಯಲ್ಲಿ ಎಫ್‌ಇ 85 ಎಫ್ 1.8, 371 ಗ್ರಾಂ. ಯಾವುದನ್ನಾದರೂ ಕಣ್ಣು ಮುಚ್ಚಿ ತಗೊಳ್ಳಬಹುದು. ಕ್ಯಾನನ್ನಿನ ಮಿರರ್‌ಲೆಸ್ ಆರ್10, ಆರ್50 ಇರುವವರು ಹಳೆಯ ಇಎಫ್ 85ಕ್ಕೆ ಅಡಾಪ್ಟರ್ ಹಾಕಿಕೊಳ್ಳಿ, ಆಟೋಫೋಕಸ್ ಪೂರ್ತಿ ಕೆಲಸ ಮಾಡುತ್ತದೆ. ಅವಕ್ಕೇ ಮಾಡಿದ ಆರ್‌ಎಫ್ 85 ಎಫ್ 2 ಮ್ಯಾಕ್ರೋ ಹೂವಿಗೆ, ಮುಖಕ್ಕೆ ಸೊಗಸು. ಆಟಕ್ಕೆ ನಾನು ಹಳೆಯದನ್ನೇ ಆರಿಸುತ್ತೇನೆ.

85ಕ್ಕೆ ನಿಲ್ಲುವ ಜಾಗ ಬೇರೆ. ನೆಟ್ ಕಂಬದ ಪಕ್ಕ ಕೂತರೆ ಕ್ರಾಪ್ ಸೆನ್ಸರಿನಲ್ಲಿ ಸೊಂಟದ ಮೇಲಷ್ಟೇ ಸಿಗುತ್ತದೆ. ಕೋರ್ಟಿನ ಒಂದು ತುದಿಯ ಮೂಲೆಗೆ ಹೋಗಿ, ಪಕ್ಕದ ಗೆರೆಯ ಹೊರಗೆ ನೆಲದ ಮೇಲೆ ಕೂತು, ಆಚೆ ಕಡೆಯವರ ಕಡೆಗೆ ತಿರುಗಿ. ಅವರು ಹತ್ತು ಮೀಟರ್ ದೂರದಲ್ಲಿ ಇರುತ್ತಾರೆ. ಆ ದೂರಕ್ಕೆ 85 ಹಿಡಿಯುವ ಎತ್ತರ 2.6 ಮೀಟರ್, 50 ಆರು ಮೀಟರಿನಲ್ಲಿ ಹಿಡಿದಷ್ಟೇ. ಆದರೆ ಹಿನ್ನೆಲೆಯ ಗೋಡೆ, ಬಕೆಟ್ಟು, ಚಪ್ಪಲಿ ರಾಶಿ ಎಲ್ಲ ಇನ್ನೂ ಚೆನ್ನಾಗಿ ಕರಗುತ್ತದೆ. ನೆಟ್ಟಿನ ಹಿಂದಿನಿಂದ ನೇರವಾಗಿ ಹೊಡೆಯಬೇಡಿ. ಫೋಕಸ್ ಹೋಗಿ ನೆಟ್ಟಿಗೆ ಅಂಟಿಕೊಳ್ಳುತ್ತದೆ. ಮೂಲೆಯಿಂದ ಓರೆಯಾಗಿ ನೋಡಿದರೆ ನೆಟ್ ಬದಿಗೆ ಸರಿಯುತ್ತದೆ.

ಎಫ್ 1.8ರಲ್ಲಿ ಚೂಪಾಗಿ ಬರುವ ಪದರ ತೆಳು. ಕ್ರಾಪ್ ಸೆನ್ಸರಿನಲ್ಲಿ ಎಂಟು ಮೀಟರ್ ದೂರಕ್ಕೆ ಸುಮಾರು 60 ಸೆಂಟಿಮೀಟರ್, ಐದು ಮೀಟರಿಗೆ ಬಂದರೆ 25 ಸೆಂಟಿಮೀಟರೂ ಇಲ್ಲ. ಮುಖ ಚೂಪು, ಮುಂದೆ ಚಾಚಿದ ರ್ಯಾಕೆಟ್ ಮಸುಕು. ಕಣ್ಣು ಚೂಪಾಗಿದ್ದರೆ ನನಗೆ ಸಾಕು. ಡಬಲ್ಸ್‌ನಲ್ಲಿ ಇಬ್ಬರೂ ಚೂಪಾಗಿ ಬರಬೇಕು ಅನ್ನುವವರಿಗೆ ಇದು ಕಿರಿಕಿರಿ.

ಫುಲ್ ಫ್ರೇಮ್ (ದೊಡ್ಡ ಸೆನ್ಸರ್) ಕ್ಯಾಮೆರಾ ಇದ್ದವರಿಗೆ ಲೆಕ್ಕ ಬದಲಾಗುತ್ತದೆ. ಅಲ್ಲಿ 85 ನಮ್ಮ ಕ್ರಾಪಿನ 50 ತರಹ ಕಾಣುತ್ತದೆ. ಆರು ಮೀಟರಿಗೇ 2.5 ಮೀಟರ್ ಎತ್ತರ ಹಿಡಿಯುತ್ತದೆ. ಅಂದರೆ ನೆಟ್ ಕಂಬದ ಪಕ್ಕದ ಜಾಗಕ್ಕೆ 85, ತುದಿಯ ಮೂಲೆಗೆ 135.

70-200 ಎಫ್ 2.8: ಕೊಳ್ಳುವುದಾ, ತರುವುದಾ

ಇದು ಎಲ್ಲರ ಕನಸಿನ ಲೆನ್ಸ್. ಒಂದರಿಂದ ಒಂದೂವರೆ ಕೆಜಿ. ಕ್ಯಾಮೆರಾ ಕಂಪನಿಯದ್ದೇ ಹೊಸದು ಬೇಕು ಅಂದರೆ ಒಂದು ಸ್ಕೂಟರಿನ ದುಡ್ಡಿಗಿಂತ ಜಾಸ್ತಿ. ಎರಡು ದಿನದ ಟೂರ್ನಿ ಮುಗಿಯುವಾಗ ಎಡ ಮಣಿಕಟ್ಟು ಹೇಳಿದ ಮಾತು ಕೇಳುವುದಿಲ್ಲ.

ಫೋಕಸ್ ವಿಷಯದಲ್ಲಿ ಇದಕ್ಕೆ ಸಾಟಿ ಇಲ್ಲ. ಹತ್ತಕ್ಕೆ ಒಂಬತ್ತು ಬರುತ್ತದೆ. ಆಡುವವರು ಹತ್ತಿರ ಬಂದರೆ ಜೂಮ್ 70ರ ಕಡೆಗೆ, ದೂರ ಹೋದರೆ 200ರ ಕಡೆಗೆ. ಆದರೆ ಬೆಳಕಿನಲ್ಲಿ ಇದು 85ಕ್ಕಿಂತ ಹಿಂದೆ. ಎಫ್ 1.8 ಎಳೆದುಕೊಳ್ಳುವ ಬೆಳಕು ಎಫ್ 2.8ರ ಎರಡೂಕಾಲು ಪಟ್ಟಿಗಿಂತಲೂ ಹೆಚ್ಚು. ನನ್ನ ಕೋರ್ಟಿನಲ್ಲಿ ಇದಕ್ಕೆ ಸಿಕ್ಕಿದ್ದು 1/400, ಐಎಸ್‌ಒ 6400ಕ್ಕೆ ಏರಿಸಿದ ಮೇಲೆ 1/800.

ಮಲೆನಾಡಿನ ಮಳೆಗಾಲದಲ್ಲಿ ಈ ಅಂತರ ಯಾಕೆ ಮುಖ್ಯ ಅಂತ ಚಿಕ್ಕಮಗಳೂರಿನಲ್ಲಿ ಒಂದು ಸಂಜೆ ಗೊತ್ತಾಯಿತು. ಸೆಮಿಫೈನಲ್ ನಡುವೆ ಕರೆಂಟ್ ಹೋಯಿತು. ಜನರೇಟರ್ ಬಂತು, ಆದರೆ ದೀಪ ಅರ್ಧ ಮಾತ್ರ. ಆಟ ನಿಲ್ಲಿಸಲಿಲ್ಲ. ಕೈಯಲ್ಲಿದ್ದ 70-200 ಒಮ್ಮೆಲೇ 1/400ಕ್ಕೆ ಇಳಿಯಿತು, ಅದೂ ಐಎಸ್‌ಒ 6400ರಲ್ಲಿ. ಬ್ಯಾಗಿನಿಂದ 85 ತೆಗೆದು ಸಿಕ್ಕಿಸಿದೆ. ಅದೇ ಅರ್ಧ ಬೆಳಕಿನಲ್ಲಿ ಮತ್ತೆ 1/1000 ಸಿಕ್ಕಿತು. ಆ ಮ್ಯಾಚಿನ ಒಳ್ಳೆಯ ಫೋಟೋಗಳೆಲ್ಲ ಜನರೇಟರ್ ಬೆಳಕಿನವೇ.

ಹಾಗಂತ 70-200 ಬೇಡವೇ ಬೇಡ ಅಂತಲ್ಲ. ಶಟಲ್ ಬಿಟ್ಟು ಬೇರೆ ಆಟಕ್ಕೆ ಹೋದರೆ ಅದರ ಬೆಲೆ ಗೊತ್ತಾಗುತ್ತದೆ. ಬಾಸ್ಕೆಟ್‌ಬಾಲ್ ಕೋರ್ಟ್ 28 ಮೀಟರ್ ಉದ್ದ. ಒಂದು ಬುಟ್ಟಿಯ ಕೆಳಗೆ 50 ಅಥವಾ 85 ಹಿಡಿದು ಕೂತರೆ ಆಚೆ ಬುಟ್ಟಿಯಲ್ಲಿ ಏನಾಯಿತು ಅನ್ನುವುದು ನಿಮಗೆ ಕಥೆ ಅಷ್ಟೇ. ಮ್ಯಾಟ್ ಮೇಲಿನ ಕಬಡ್ಡಿಯಲ್ಲಿ ಅಂಕಣ 13 ಮೀಟರಿಗೆ 10 ಮೀಟರ್. ರೈಡರ್ ಒಂದು ಕ್ಷಣ ನಿಮ್ಮ ಮೂಗಿನ ಮುಂದೆ, ಇನ್ನೊಂದು ಕ್ಷಣ ಆಚೆ ಮೂಲೆಯಲ್ಲಿ. ಏಳು ಜನ ಮೇಲೆ ಬಿದ್ದಾಗ ಒಬ್ಬನ ಕಣ್ಣಷ್ಟೇ ಚೂಪಾಗಿ ಬಂದರೆ ಫೋಟೋ ಆಗುವುದಿಲ್ಲ, ಎಫ್ 2.8ರ ದಪ್ಪ ಪದರವೇ ಬೇಕು. ಕಬಡ್ಡಿಗೆ ಮಾತ್ರ ಹೋಗುವವರು ನನ್ನ ಮಾತು ಕೇಳದೆ ನೇರ 70-200ಗೆ ಹೋಗಬಹುದು.

ಆದರೆ ಕೊಳ್ಳಲೇಬೇಕಾ? ನಮ್ಮೂರಿನಲ್ಲಿ ಈ ಲೆನ್ಸ್ ಯಾರ ಹತ್ತಿರ ಇರುತ್ತದೆ ಯೋಚಿಸಿ. ಮದುವೆ ಫೋಟೋ ತೆಗೆಯುವವರ ಹತ್ತಿರ. ಅವರಿಗೆ ಕೆಲಸ ಇಲ್ಲದ ತಿಂಗಳು ಯಾವುದು? ಆಷಾಢ. ಒಳಾಂಗಣ ಟೂರ್ನಿಗಳು ಜೋರಾಗಿ ನಡೆಯುವುದೂ ಹೊರಗೆ ಆಡಲಾಗದ ಅದೇ ಮಳೆಗಾಲದಲ್ಲಿ. ನನ್ನ ಗೆಳೆಯನೊಬ್ಬ ಸ್ಟುಡಿಯೋ ಇಟ್ಟಿದ್ದಾನೆ. ಕೇಳಿದ ಕೂಡಲೇ ಬೀರುವಿನಿಂದ ತೆಗೆದು ಕೊಟ್ಟ. "ಆಷಾಢ ಅಲ್ವಾ, ತಗೊಂಡ್ ಹೋಗು. ಶ್ರಾವಣ ಬರೋದ್ರೊಳಗೆ ವಾಪಸ್ ತಂದ್ಕೊಡು, ಲಗ್ನ ಶುರು ಆಗ್ತವೆ" ಅಂದ. ಗುರುತಿಲ್ಲದವರ ಹತ್ತಿರವಾದರೂ ದಿನದ ಬಾಡಿಗೆಗೆ ಸಿಗುತ್ತದೆ, ಗುರುತಿನ ಚೀಟಿ, ಮುಂಗಡ ಕೇಳುತ್ತಾರೆ ಅಷ್ಟೇ. ಮಾಘದಲ್ಲಿ ಕೇಳಿದರೆ ಯಾರೂ ಕೊಡುವುದಿಲ್ಲ.

ಫೋಟೋದಿಂದಲೇ ಸಂಪಾದನೆ ಇರುವವರು ಕೊಳ್ಳಲಿ. ಆಗಲೂ ಸೆಕೆಂಡ್ ಹ್ಯಾಂಡ್ ನೋಡಿ. ಕ್ಯಾನನ್ 1995ರಲ್ಲಿ ತಂದ, ಸ್ಟೆಬಿಲೈಸೇಷನ್ ಇಲ್ಲದ 70-200 ಎಫ್ 2.8 ಇವತ್ತಿಗೂ ಆಟಕ್ಕೆ ಸಾಕು, ಹೊಸದಕ್ಕಿಂತ ಬಹಳ ಕಡಿಮೆಗೆ ಸಿಗುತ್ತದೆ. ಸೋನಿ ಇರುವವರಿಗೆ ಟ್ಯಾಮ್ರಾನ್ 70-180 ಎಫ್ 2.8 ಇದೆ, ಅದರ ಮೊದಲ ಆವೃತ್ತಿ 810 ಗ್ರಾಂ, ಮಣಿಕಟ್ಟಿಗೆ ಉಪಕಾರ. ಕ್ರಾಪ್ ಕ್ಯಾಮೆರಾದವರಿಗೆ ಅಂತಲೇ ಸಿಗ್ಮಾ 50-100 ಎಫ್ 1.8 ಅಂತ ಒಂದು ಮಾಡಿತ್ತು. 50, 85 ಎರಡೂ ಒಂದರಲ್ಲೇ. ಆದರೆ ಅದೂ ಒಂದೂವರೆ ಕೆಜಿ.

70-200 ಎಫ್ 4ರಿಂದ ಮಾತ್ರ ದೂರ ಇರಿ. ನೋಡಲು ಅಣ್ಣನ ತರಹವೇ ಇರುತ್ತದೆ, ಹಗುರ, ಬೆಲೆಯೂ ಕಡಿಮೆ. ಬೆಳಕು ಅರ್ಧ. ಹೊರಗಿನ ಆಟಕ್ಕೆ ಚಿನ್ನ, ಒಳಗೆ 1/200.

ದೀಪಗಳ ಕಾಟ

ಲೆನ್ಸ್ ಸರಿ ಹೋದ ಮೇಲೆ ಹೊಸದೊಂದು ತಲೆನೋವು ಶುರುವಾಯಿತು. ಸಾಲಾಗಿ ಹೊಡೆದ ಫೋಟೋಗಳಲ್ಲಿ ಒಂದು ಬೆಳ್ಳಗೆ, ಮುಂದಿನದು ಮಂಕಾಗಿ ಹಳದಿ, ಇನ್ನೊಂದರಲ್ಲಿ ಅಡ್ಡ ಪಟ್ಟೆ. ಲೆನ್ಸ್ ಕೆಟ್ಟಿತು ಅಂದುಕೊಂಡೆ. ಅಲ್ಲ. ನಮ್ಮ ಕರೆಂಟ್ 50 ಹರ್ಟ್ಸ್, ಹಾಗಾಗಿ ಅಗ್ಗದ ಎಲ್‌ಇಡಿ, ಹಳೆಯ ಟ್ಯೂಬ್‌ಲೈಟುಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ಕಣ್ಣಿಗೆ ಕಾಣುವುದಿಲ್ಲ. 1/1000 ಸೆಕೆಂಡಿಗೆ ತೆರೆಯುವ ಶಟರಿಗೆ ಕಾಣುತ್ತದೆ. ಕ್ಯಾಮೆರಾದಲ್ಲಿ ಆ್ಯಂಟಿ ಫ್ಲಿಕರ್ ಅಂತ ಇದ್ದರೆ ಹಾಕಿಕೊಳ್ಳಿ. ಕ್ಯಾನನ್‌ನಲ್ಲಿ ಇದು 2014ರ 7ಡಿ ಮಾರ್ಕ್ 2ರಿಂದ ಶುರುವಾಯಿತು. ಇಲ್ಲದಿದ್ದರೆ ಜಾಸ್ತಿ ಹೊಡೆದು ಚೆನ್ನಾಗಿರುವುದನ್ನು ಆರಿಸಿಕೊಳ್ಳುವುದೇ ದಾರಿ. ಇದಕ್ಕೆ ಲೆನ್ಸ್ ಬದಲಾಯಿಸಿ ಉಪಯೋಗ ಇಲ್ಲ.

ಹಳೆಯದು ಕೊಳ್ಳುವಾಗ ಟಾರ್ಚ್ ಇರಲಿ

ತುಂಬಾ ಜನ ಮಿರರ್‌ಲೆಸ್ ಕಡೆ ಹೋಗುತ್ತಿರುವುದರಿಂದ ಡಿಎಸ್‌ಎಲ್‌ಆರ್ (ಕನ್ನಡಿ ಇರುವ ಕ್ಯಾಮೆರಾ) ಕಾಲದ ಲೆನ್ಸುಗಳು ಈಗ ಕಡಿಮೆ ಬೆಲೆಗೆ ಸಿಗುತ್ತಿವೆ. ಒಳ್ಳೆಯ ಕಾಲ. ನಾನು ಕೊಂಡ ಮೊದಲ 85 ಕೂಡ ಹಾಗೇ, ಘಟ್ಟದ ಕಡೆಯ ಒಬ್ಬರಿಂದ. ಹೊರಗಿನಿಂದ ಹೊಸದರ ಹಾಗಿತ್ತು. ಎರಡು ವಾರ ಆದ ಮೇಲೆ ಫೋಟೋಗಳು ಯಾಕೋ ಹಾಲಿನೊಳಗೆ ಅದ್ದಿದ ಹಾಗೆ ಕಾಣುತ್ತಿವೆ ಅಂತ ಅನಿಸಿ, ಹಿಂದಿನಿಂದ ಮೊಬೈಲ್ ಟಾರ್ಚ್ ಹಾಕಿ ನೋಡಿದೆ. ಒಳಗಿನ ಗಾಜಿನ ಅಂಚಿನಿಂದ ನಡುವಿಗೆ ಜೇಡರ ಬಲೆಯಂತೆ ಬಿಳಿ ಎಳೆಗಳು. ಬೂಷ್ಟು. ಬಿಚ್ಚಿ ತೊಳೆಸಿದೆ, ಕೋಟಿಂಗ್ ಆಗಲೇ ತಿಂದುಹೋಗಿತ್ತು.

ನಮ್ಮ ಕಡೆ ಇದು ದೊಡ್ಡ ವಿಷಯ. ಸಕಲೇಶಪುರ, ಮೂಡಿಗೆರೆ, ಕೊಪ್ಪ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಬೀರುವಿನ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ, ಲೆನ್ಸ್ ಬಿಡುತ್ತದಾ? ಕೊಳ್ಳುವಾಗ ಎರಡೂ ಕಡೆಯ ಮುಚ್ಚಳ ತೆಗೆದು, ಎಫ್ ನಂಬರನ್ನು ಪೂರ್ತಿ ತೆರೆದು, ಓರೆಯಾಗಿ ಟಾರ್ಚ್ ಬಿಡಿ. ಧೂಳಿನ ಕಣ ನಾಲ್ಕು ಇದ್ದರೆ ಪರವಾಗಿಲ್ಲ. ಎಳೆ ಕಂಡರೆ ಎಷ್ಟೇ ಅಗ್ಗವಾದರೂ ಬೇಡ. ಮನೆಯಲ್ಲಿ ಇಡುವಾಗ ಚರ್ಮದ ಬ್ಯಾಗಿನಲ್ಲಿ ಇಡಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್. ಅದರ ಬಣ್ಣ ಬದಲಾದಾಗ ಬಿಸಿ ಮಾಡಿ ಮತ್ತೆ ಹಾಕಬೇಕು. ಇದನ್ನು ಮರೆತರೆ ಡಬ್ಬಿ ಇದ್ದೂ ಇಲ್ಲದ ಹಾಗೆ.

ಶ್ರಾವಣ ಶುರುವಾಗುವ ಎರಡು ದಿನ ಮೊದಲು ಗೆಳೆಯನ 70-200 ವಾಪಸ್ ಕೊಡಲು ಹೋದೆ. ಕಾಫಿ ಕುಡಿ ಅನ್ನಲಿಲ್ಲ, ಫೋಟೋ ತೋರಿಸು ಅನ್ನಲಿಲ್ಲ. ಮುಚ್ಚಳ ತೆಗೆದು, ಮೊಬೈಲ್ ಟಾರ್ಚ್ ಹಾಕಿ, ಒಂದು ಕಣ್ಣು ಮುಚ್ಚಿಕೊಂಡು ಒಳಗೆ ನೋಡಿದ. ಆಮೇಲೆ, "ಕೂತ್ಕೊ, ಕಾಫಿ ಹೇಳ್ತೀನಿ" ಅಂದ.